ಒಂದೇ ಪರಾತದ ನೀರು

ಮಾನ್ಯ ಅಧ್ಯಕ್ಷರಾದ ಬಸಂತರಾಯರೇ, ಸಿಂದಗಿ ಬಸ್ಸು ತಪ್ಪಿದರೂ ಟಂಟಂ ಹಿಡಿದು ಬಂದ ಅತಿಥಿಗಳೇ, ಹದಿನೆಂಟು ವರ್ಷ ಈ ಶಾಲೆಯ ಬಿಸಿಯೂಟ ಬೇಯಿಸಿ, ನಿವೃತ್ತಿಯ ದಿನ ಮೊದಲ ಸಲ ವೇದಿಕೆಯ ಕುರ್ಚಿ ಮೇಲೆ ಕುಳಿತಿರುವ ನಮ್ಮ ಸೈದಾಬಿಯವರೇ, ಮಕ್ಕಳೇ, ಹುಗ್ಗಿಯ ವಾಸನೆಗೆ ಆಗಲೇ ಹಿಂದೆ ತಿರುಗಿ ನೋಡುತ್ತಿರುವ ಸಭಿಕರೇ.

ಬಿಸಿಯೂಟದ ಉಸ್ತುವಾರಿ ನೋಡುವ ಮಾಸ್ತರನಾದ ನಾನು ಎರಡು ಮಾತು ಆಡಬೇಕು ಎಂದು ಹೆಡ್ ಮಾಸ್ತರರು ಹೇಳಿದರು. ನಾನು ಎರಡಕ್ಕೆ ನಿಲ್ಲಿಸುವವನಲ್ಲ, ಅದು ನಿಮಗೆ ಗೊತ್ತು.

ಕೈ ತೊಳೆಯುವುದರ ಬಗ್ಗೆ ನಾನು ಎಷ್ಟು ಭಾಷಣ ಮಾಡಿಲ್ಲ? ಅಂಗೈ, ಮುಂಗೈ, ಬೆರಳ ಸಂದು, ಉಗುರು ಎಂದು ಹಾಡು ಕಟ್ಟಿ ಕಲಿಸಿದೆ. ಮೂರು ವರ್ಷದ ಹಿಂದೆ ಮಳೆ ತಡವಾಗಿ, ಬೋರು ಬತ್ತಿ, ಟ್ಯಾಂಕರ್ ದಾರಿ ಕಾಯುವಾಗಲೂ ಕೈ ತೊಳೆಯುವುದನ್ನು ಬಿಡಿಸಲಿಲ್ಲ. ಹೇಗೆ? ಅಲ್ಲೇ ನನ್ನ ಜಾಣತನ. ಅಡುಗೆ ಕೋಣೆಯಲ್ಲಿ ಹಿಟ್ಟು ನಾದುವ ಅಗಲವಾದ ದೊಡ್ಡ ಪರಾತದಲ್ಲಿ ನೀರು ತುಂಬಿಟ್ಟೆ. ಮೊದಲು ಏಳನೆತ್ತೆಯ ದೊಡ್ಡ ಮಕ್ಕಳು, ಕಡೆಗೆ ಒಂದನೆತ್ತೆಯ ಸಣ್ಣವರು, ಎಲ್ಲರೂ ಸಾಲಾಗಿ ಬಂದು ಅದರಲ್ಲೇ ಕೈ ಅದ್ದಿ ತೊಳೆಯಬೇಕು. ಎಂಬತ್ತು ಮಕ್ಕಳು, ಒಂದೇ ಪರಾತ. ನೋಡಿದವರು ಭಲೇ ಅಂದರು. ನಾನೂ ಅಂದುಕೊಂಡೆ.

ನಾನು ಕೊಲ್ಹಾರದವ. ಡ್ಯಾಮಿನ ನೀರಿನಲ್ಲಿ ಊರು ಮುಳುಗಿ ಹೊಸ ಜಾಗಕ್ಕೆ ಬಂದಾಗ ಕಣ್ಣೆದುರು ಹಿನ್ನೀರು, ನಮ್ಮ ಕೊಡದಲ್ಲಿ ಹನಿಯಿಲ್ಲ. ಅವ್ವ ಒಂದು ತಂಬಿಗೆಯಲ್ಲಿ ಐವರ ಮುಖ ತೊಳೆಸುತ್ತಿದ್ದಳು. ಚೆಲ್ಲಿದರೆ ಬೆನ್ನಿಗೆ ಗುದ್ದು. ಇವತ್ತಿಗೂ ನಳ ಸೋರಿದರೆ ನನಗೆ ಬೆನ್ನು ನೋಯುತ್ತದೆ. ಇದನ್ನು ಯಾಕೆ ಹೇಳಿದೆನೋ, ಇರಲಿ.

ಆ ಜುಲೈಯಲ್ಲಿ ಒಂದೇ ದಿನ ಹನ್ನೊಂದು ಮಕ್ಕಳಿಗೆ ವಾಂತಿ-ಭೇದಿ. ಬೀರಣ್ಣನ ಮಗಳು ಭುವನೇಶ್ವರಿ, ಒಂದನೆತ್ತೆಯ ಕೂಸು, ಸಿಂದಗಿ ದವಾಖಾನೆಯಲ್ಲಿ ಕಣ್ಣು ತೆರೆಯಲೊಲ್ಲಳು. ಸಲೈನ್ ಹಚ್ಚಿದ ಕೈ ಹಿಡಿದು ಬೀರಣ್ಣ ಕೇಳಿದ: "ಸರ್, ಸಾಲ್ಯಾಗ ಏನ್ ಉಣಿಸೀರಿ?"

ಉಣಿಸಿದವರು ಯಾರು? ಸೈದಾಬಿ. ಹಾಗಾದರೆ ತಪ್ಪು ಯಾರದು? ಆ ರಾತ್ರಿಯೇ ಆಕೆಯನ್ನು ಕೆಲಸದಿಂದ ತೆಗೆಯಬೇಕೆಂದು ಮೇಲಿನವರಿಗೆ ಪತ್ರ ಬರೆದೆ. ಹೌದ್ರಿ ಸೈದಾಬಿ, ಇದು ನಿಮಗ ಗೊತ್ತಿಲ್ಲ.

ಮರುದಿನ ಮಧ್ಯಾಹ್ನ ಪತ್ರ ಕಿಸೆಯಲ್ಲಿಟ್ಟುಕೊಂಡು ಹೊರಟಾಗ ಆಕೆ ಪರಾತದ ಹತ್ತಿರ ನನ್ನನ್ನು ನಿಲ್ಲಿಸಿದರು. ಮಕ್ಕಳು ಕೈ ತೊಳೆಯುತ್ತಿದ್ದರು. ಸರದಿ ಒಂದನೆತ್ತೆಗೆ ಬಂದಿತ್ತು. ಜಗಳ ತೆಗೆಯುತ್ತಾರೆ ಎಂದುಕೊಂಡೆ. ಆಕೆ ಮೆತ್ತಗೆ ಕೇಳಿದರು: "ಸರ್, ಎಲ್ಲಾರೂ ಒಂದ ಡಬರಿ ಸಾರು ಉಂಡಾರ. ದೊಡ್ಡವ್ರಿಗೆ ಏನೂ ಆಗಿಲ್ಲ, ಸಣ್ಣವಕ್ಕಷ್ಟ ಯಾಕ ಆತು? ಈ ನೀರಾಗ ನೀವು ಕೈ ಅದ್ದತೀರೇನ್ರಿ?"

ನೋಡಿದೆ. ಅರವತ್ತು ಮಕ್ಕಳ ಕೈಯ ಕೊಳೆ ಇಳಿದ ನೀರು. ನಾನು ಕೈ ಅದ್ದಲಿಲ್ಲ. ಆದರೆ ದಿನಾ ಸಣ್ಣ ಮಕ್ಕಳಿಂದ ಅದ್ದಿಸಿದ್ದೆ. ಪರಾತ ಎತ್ತಿ ಅಂಗಳಕ್ಕೆ ಚೆಲ್ಲಿದೆ.

ಅವತ್ತಿನಿಂದ ಸೈದಾಬಿ ತಂಬಿಗೆ ಹಿಡಿದು, ಊಟಕ್ಕೆ ಬಂದ ಬೀಗರಿಗೆ ಹಾಕಿದಂತೆ, ಒಬ್ಬೊಬ್ಬರ ಕೈ ಮೇಲೆ ನೀರು ಹಾಕಿದರು. ಹಾಡು ಅದೇ, ಸಾಬೂನು ಅದೇ. ನೀರು ಎಷ್ಟು ಹೆಚ್ಚು ಹೋಯಿತು? ಎರಡು ಕೊಡ. ಎರಡು ಕೊಡ ಉಳಿಸಲು ಹೋಗಿ ನಾನು ಒಂದು ಕೂಸನ್ನೇ ಕಳೆಯುತ್ತಿದ್ದೆ.

ಮೂರನೇ ದಿನ ಬೆಳಿಗ್ಗೆ ಭುವನೇಶ್ವರಿ ಕಣ್ಣು ತೆರೆದು ಚುರುಮರಿ ಕೇಳಿದಳಂತೆ. ಫೋನಿನಲ್ಲಿ ಅದನ್ನು ಕೇಳಿ ನಾನು ಆಫೀಸಿನ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ. ಈಗ ಆಕೆ ನಾಲ್ಕನೆತ್ತೆ; ನನ್ನ ಭಾಷಣಕ್ಕೆ ಅಲ್ಲಿ ಕುಳಿತು ಆಕಳಿಸುತ್ತಿದ್ದಾಳೆ. ಆಕಳಿಸವ್ವಾ, ಚಂದಾಗಿ ಆಕಳಿಸು.

ಪತ್ರ ಕಳಿಸಲಿಲ್ಲ. ಆದರೆ ಊರಿಗೆ ನಿಜವನ್ನೂ ಹೇಳಲಿಲ್ಲ. ಸೈದಾಬಿಯ ಸಾರಿನಿಂದಲೇ ಆಯಿತು ಎಂದು ಮೂರು ವರ್ಷ ಕಟ್ಟೆಯ ಮೇಲೆ ಮಾತಾಡಿದಿರಿ. ಕೇಳಿಯೂ ಸುಮ್ಮನಿದ್ದೆ. ಆಕೆಯೂ ನನ್ನ ಮಾನ ಕಾಯ್ದು ಸುಮ್ಮನಿದ್ದರು. ಆ ಕೆಟ್ಟ ಹೆಸರು ಹೊತ್ತೇ ಆಕೆ ಇವತ್ತು ಮನೆಗೆ ಹೋಗಬೇಕೇ?

ಬೀರಣ್ಣ, ಅವತ್ತು ಕೇಳಿದ್ದಿಯಲ್ಲ, ಉತ್ತರ ಈಗ ಕೇಳು. ಉಣಿಸಿದ್ದರಾಗ ತಪ್ಪಿರಲಿಲ್ಲಪಾ. ಕೈ ತೊಳಿಸಿದ್ದರಾಗ ಇತ್ತು. ತೊಳಿಸಿದಾವ ನಾನು.

ಅಬ್ಬಾ, ಎದೆ ಹಗುರಾಯಿತು. ಇಷ್ಟು ದಿನ ಇಟ್ಟುಕೊಂಡಿದ್ದ ಆ ಪತ್ರವನ್ನು ಇವತ್ತು ಬೆಳಿಗ್ಗೆ ಹುಗ್ಗಿಯ ಒಲೆಗೆ ಹಾಕಿದೆ.

ಇನ್ನು ಊಟಕ್ಕೆ ಏಳೋಣ. ಒಂದನೆತ್ತೆ ಮಕ್ಕಳು ಎಲ್ಲರಿಗಿಂತ ಮುಂದೆ, ಅವರಿಗಿಂತ ಮುಂದೆ ಸೈದಾಬಿ. ತಂಬಿಗೆ ಇವತ್ತು ನನ್ನ ಕೈಯಲ್ಲಿರುತ್ತದೆ. ಕೈ ಚಾಚ್ರಿ ಸೈದಾಬಿ, ನೀರು ಚೆಲ್ಲಿದರ ಚೆಲ್ಲಲಿ.

ಇಷ್ಟು ಹೊತ್ತು ಹಸಿವು ತಡೆದು ಕೇಳಿದ ನಿಮಗೆಲ್ಲ ವಂದನೆಗಳು. ನಮಸ್ಕಾರ.