ಸಾರು ನಿಂತ ಅಂಗಡಿ

ಮಿತಾಕಾ ಸ್ಟೇಷನ್ನಿನ ಹಿಂದಿನ ರಾಮೆನ್ ಎಂಬ ಸಾರು-ನೂಡಲ್ಸಿನ ಅಂಗಡಿಯಲ್ಲಿ ಚಿಜುರು ಒಬ್ಬಳೇ ಉಣ್ಣುತ್ತಿದ್ದಳು. ಪಕ್ಕದ ಸ್ಟೂಲಿನ ಮುದುಕ ಬಟ್ಟಲು ಓರೆ ಮಾಡಿ ನೋಡಿ, ಅಂಗಡಿಯವನನ್ನು ಕೇಳಿದ:

“ಏನಯ್ಯಾ ಕುರಾತಾ, ಇಷ್ಟು ದಿನದ ಮೇಲೆ ಬಂದ್ರೆ ನೂಡಲ್ಸಿಗೆ ಸಾರೇ ಇಲ್ವಲ್ಲ?”

“ಈಗ ಎಣ್ಣೆ ನೂಡಲ್ಸ್ ಮಾತ್ರ, ಯಜಮಾನ್ರೇ. ತಳದಿಂದ ಕಲಸ್ಕೊಳ್ಳಿ.”

“ನಿನ್ನ ಹೆಂಡ್ತಿ ನೋಡಿದ್ರೆ ಸೌಟಲ್ಲೇ ಬಾರಿಸ್ತಾಳೆ. ಎಲ್ಲಿ ಅವ್ಳು?”

“ಸಾರಿನ ಹಂಡೆ ಕಾಯ್ತಿದ್ದೋಳು ಅವಳೇ. ನನ್ನೊಬ್ಬನ ಕೈಲಿ ಆಗ್ಲಿಲ್ಲ.”

ಮುದುಕನ ಕೈ ನಿಂತಿತು.

“ಯಾವಾಗಯ್ಯಾ?”

“ಹೋದ ಚಳಿಗಾಲ. ಆರಿಹೋಗುತ್ತೆ, ತಿನ್ನಿ.”

ಮುದುಕ ಒಂದೆಳೆಯೂ ಬಿಡದೆ ತಿಂದ. ಎದ್ದು, ಬಾಗಿಲು ಸರಿಸಿ, ಹಳೇ ರೂಢಿಯಲ್ಲಿ ಅಡುಗೆಮನೆಯತ್ತ ಕೂಗಿದ: “ಊಟ ಚೆನ್ನಾಗಿತ್ತಮ್ಮಾ!”

ಒಳಗಿನಿಂದ ಉತ್ತರ ಬರುವಷ್ಟು ಹೊತ್ತು ಕುರಾತಾ ಕಾದ. ಆಮೇಲೆ ತಾನೇ, “ಮತ್ತೆ ಬನ್ನಿ” ಎಂದ.

ಚಿಜುರು ಬಾಗಿಲಾಚೆ ನೋಡಿದಳು; ಅಷ್ಟರಲ್ಲಿ ಮುದುಕ ರಸ್ತೆ ದಾಟಿದ್ದ.