ಮಂಗಳವಾರದ ನೀರು

...ನಗ್ತೀಯಾ? ನಾನು ನಿನಗೋಸ್ಕರ ಹೊಟ್ಟೆ ಉರ್ಕೊಂಡು ಓಡಿ ಬಂದರೆ ನಿನಗೆ ನಗು! ಅಲ್ಲ ಕಣೇ ಇನೊಬತ್, ನಾಲ್ಕು ಮಂಗಳವಾರ ಆಯ್ತು, ನಿನ್ನ ಸರದಿಯ ಕಾಲುವೆ ನೀರು ನಿನ್ನ ಹಿತ್ತಲಿಗೆ ಬಂದಿಲ್ಲ. ಟೊಮೆಟೊ ಗಿಡ ಕತ್ತು ಬಗ್ಗಿಸಿ ನಿಂತಿವೆ. ಬೇರೆ ಯಾರಾದರೂ ಆಗಿದ್ದರೆ ಕಾಲುವೆ ನೀರು ಬಿಡೋ ನೀರುಗಂಟಿಯ ಗಡ್ಡ ಕಿತ್ತು ಅವನ ಕೈಗೇ ಕೊಡ್ತಿದ್ದರು. ನೀನು? ಬಕೆಟ್ ಹಿಡಿದು ಬೀದಿ ನಲ್ಲಿಗೆ ಹೋಗ್ತೀಯ. ಹಾಡು ಗುನುಗ್ತಾ ಬೇರೆ ಹೋಗ್ತೀಯ! ಇಡೀ ಫರ್ಗಾನಾ ಕಣಿವೆ ಹುಡುಕಿದರೂ ಇಂಥವಳು ಸಿಗಲ್ಲ ನೋಡು.

ಮೂಲೆಮನೆ ರಿಸೊಲತ್ ಹೊಸ ಸೊಸೆಯನ್ನ ನಿನ್ನ ಹತ್ತಿರ ಕಳಿಸಿದಳಂತೆ. "ಹೋಗು, ಇನೊಬತಕ್ಕನ ಜೊತೆ ರೊಟ್ಟಿ ತಟ್ಟು, ಮನಸ್ಸು ತಣ್ಣಗಿಟ್ಕೊಳ್ಳೋದು ಕಲಿ." ನನ್ನ ಹತ್ತಿರ ಯಾರೂ ಯಾರನ್ನೂ ಕಳಿಸಲ್ಲ. ಬೈಗುಳ ಕಲಿಯೋಕಾದರೂ ಕಳಿಸಬಹುದಿತ್ತು! ...ನಗಬೇಡ ಅಂದೆನಲ್ಲ.

ನನ್ನ ಮನೇಲಿ ಸೊಸೆಯರಿಬ್ಬರೂ ಒಂದೇ ತಂದೂರಿಗೆ ಕಚ್ಚಾಡ್ತಾರೆ. ಆ ನಮ್ಮ ಮುದುಕ, ನನ್ನ ಗಂಡ... ಬಾಯಲ್ಲಿ ಹಲ್ಲು ಉಳಿದಿಲ್ಲ, ನಿನ್ನ ಹೆಸರು ಮಾತ್ರ ಉಳಿದಿದೆ! "ಶರಾಫತ್, ಗೋಡೆ ಆಚೆ ಕೇಳು, ಎಷ್ಟು ನೆಮ್ಮದಿ!" ನನ್ನ ಕೈಯಲ್ಲಿ ಸೌಟು ಇತ್ತು, ಅವನ ಬೋಳುತಲೆಯೂ ಹತ್ತಿರಾನೇ ಇತ್ತು... ಬಿಡು.

ನಿನಗೂ ಮಂಡಿನೋವು, ನಿನಗೆ ಗಂಡನೂ ಇಲ್ಲ. ಎಲ್ಲಿಂದ ತರ್ತೀಯೇ ಆ ನೆಮ್ಮದಿನ? ಸಂತೇಲಿ ಸಿಗುತ್ತಾ? ಏನಂದೆ? ಬೆಳಿಗ್ಗೆ ಎದ್ದು ಅಂಗಳ ಗುಡಿಸ್ತೀಯ, ಅಷ್ಟೇನಾ? ನಾನೂ ಗುಡಿಸ್ತೀನಮ್ಮ! ಗುಡಿಸಿದ ಧೂಳೆಲ್ಲ ನನ್ನ ಗಂಟಲಿಗೇ!

ಕೇಳಿಲ್ಲಿ. ನೀರು ಕದ್ದಿದ್ದು ಆ ರಿಸೊಲತ್ತೇ. ಮೋರೆ ನೋಡಿದರೇ ಗೊತ್ತಾಗುತ್ತೆ. ಹೋಗು, ಅವಳ ಬಾಗಿಲಲ್ಲಿ ನಿಂತು ಕೂಗು. ಒಂದೇ ಸಲ ಕೂಗು, ಬೀದಿಗೆ ಬೀದಿಯೇ ಕೇಳಲಿ! ಹಸಿರು ಹೂವಿನ ಹರಕು ಹಚ್ಚಡ ತುರುಕಿ ನಿನ್ನ ತೂಬು ಮುಚ್ಚಿದ್ದಾಳೆ ಕಣೇ. ಅದರ ಮೇಲೆ ಎರಡು ಕಲ್ಲು. ಎಲ್ಲ ನೀರೊಳಗೆ, ಯಾರ ಕಣ್ಣಿಗೂ ಬೀಳದ ಹಾಗೆ...

ಯಾಕೆ ಹಾಗೆ ನೋಡ್ತೀಯ?

ಯಾರ ಕಣ್ಣಿಗೂ ಬೀಳದ್ದು ನನಗೆ ಹೇಗೆ... ಯಾರೋ ಹೇಳಿದರು. ಯಾರು ಅಂತ ನೆನಪಿಲ್ಲ. ಹಸಿರು ಹಚ್ಚಡ ಯಾರ ಮನೇಲಿಲ್ಲ? ...ಹೌದು, ನಮ್ಮದೂ ಒಂದಿತ್ತು. ಗೋಡೆ ಮೇಲೆ ಒಣಗ್ತಿತ್ತು. ಈಗಿಲ್ಲ. ಅದಕ್ಕೇನೀಗ?

ಹ್ಞೂಂ. ನಾನೇ.

ಒಂದು ಸಲ... ಒಂದೇ ಒಂದು ಸಲ ನೀನು ಕಿರುಚೋದು ಕೇಳಬೇಕಿತ್ತು ಕಣೇ. ನಮ್ಮ ಮುದುಕನ ಕಿವಿಗೆ ಬೀಳೋ ಹಾಗೆ. ಬೈ! ಈಗಲಾದರೂ ಬೈಯೇ...

ಚಹಾ ಹುಯ್ತೀಯಾ? ಈಗಲೂ ಚಹಾನೇ ಹುಯ್ತೀಯಾ? ...ಸಾಕು. ಸಾಕು ಕಣೇ, ಅಂಚಿಗೆ ಬಂತು... ಇನೊಬತ್? ಬಟ್ಟಲಿಗೆ ಮೂರು ಗುಟುಕು ಹುಯ್ದರೆ ಇನ್ನೂ ಕೂತಿರು ಅಂತ. ಅಂಚಿನವರೆಗೆ ಹುಯ್ದರೆ ಕುಡಿದು ಹೊರಡು ಅಂತ. ನಮ್ಮೂರಲ್ಲಿ ಮಗುವಿಗೂ ಗೊತ್ತು ಅದು. ಮೂವತ್ತೆಂಟು ವರ್ಷದಲ್ಲಿ ಈ ಮನೇಲಿ ನೀನು ಯಾರಿಗೂ, ಯಾರಿಗೂ...

ತುಳುಕ್ತಿದೆ. ಎತ್ತೋಕೇ ಆಗ್ತಿಲ್ಲ ನನಗೆ.

ಬೈದಿದ್ದರೆ ಚೆನ್ನಾಗಿತ್ತು ಕಣೇ. ನಾನೂ ತಿರುಗಿ ಬೈದು ಮನೆಗೆ ಹೋಗ್ತಿದ್ದೆ.