ಮೇಲಿನ ಕಂಬದ ಬಾವುಟ

ಮಳೆ ಮಧ್ಯಾಹ್ನವೇ ಹಿಡಿದುಕೊಂಡಿತ್ತು. ಹೊನ್ನೆಹಟ್ಟಿಯ ಎಲೆ ಶೆಡ್ಡಿನ ತಗಡಿನ ಮೇಲೆ ಅದು ಎಷ್ಟು ಜೋರಾಗಿ ಸುರಿಯುತ್ತಿತ್ತೆಂದರೆ, ಪಕ್ಕದಲ್ಲಿ ಕೂತವರ ಮಾತು ಕೇಳಲೂ ತಲೆ ಬಗ್ಗಿಸಬೇಕಿತ್ತು. ಚಹಾ ಎಲೆ ಕಿತ್ತು ತಂದ ಹೆಂಗಸರು ಮೂಟೆಗಳ ಮೇಲೇ ಕೂತು, ಸೊಂಟಕ್ಕೆ ಕಟ್ಟಿದ ಪ್ಲಾಸ್ಟಿಕ್ ಹಾಳೆ ಬಿಚ್ಚಿ ಕೊಡವಿ, ಫ್ಯಾಕ್ಟರಿಯ ಲಾರಿಗೆ ಕಾಯುತ್ತಿದ್ದರು. ಅದು ಬರುವ ಹೊತ್ತು ಮೀರಿತ್ತು. ಎಲೆ ಮೂಟೆಯೊಳಗೇ ಬೆಚ್ಚಗಾದರೆ ಫ್ಯಾಕ್ಟರಿಯವರು ಮೂಗು ಮುರಿಯುತ್ತಾರೆ.

ಜೀವಿತಾ ಮುಂದಿನ ಕಂಬಕ್ಕೆ ಒರಗಿ ನಿಂತಿದ್ದಳು. ಅವಳು ಮಸಿನಗುಡಿಯಿಂದ ಚಿಕ್ಕಮ್ಮ ಮಲರ್‌ಕೊಡಿಯ ಮನೆಗೆ ಬಂದು ಇನ್ನೂ ಒಂದು ಮಳೆಗಾಲ ಪೂರ್ತಿ ಕಳೆದಿರಲಿಲ್ಲ. ಒಣಕಾಡಿನ ಊರಿನವಳಿಗೆ ಈ ಮಂಜು ಇನ್ನೂ ಹೊಸದು. ಮಾತು ಕಡಿಮೆ, ಕಣ್ಣು ಚುರುಕು ಎಂದು ಅವಳಿಗೊಂದು ಕೆಲಸ ಕೊಟ್ಟಿದ್ದರು. ಇಲ್ಲಿ ಫೋನು ಹಿಡಿಯುವುದಿಲ್ಲ. ಎಲೆ ಏಜೆಂಟನ ಕಡೆಯ ದಿನೇಶ್‌ಕುಮಾರ್ ತೋಟದ ಮೇಲಿನ ತಿರುವಿನಲ್ಲಿ ಲಾರಿ ನಿಲ್ಲಿಸಿ ಟವೆಲ್ ಬೀಸುತ್ತಾನೆ. ಎಲೆ ಸಿದ್ಧವಿದ್ದರೆ ಶೆಡ್ಡಿನವರೂ ತಿರುಗಿ ಬೀಸಬೇಕು. ಆಮೇಲೆಯೇ ಲಾರಿ ಆ ಕಡಿದಾದ ಮಣ್ಣುದಾರಿಗೆ ಇಳಿಯುತ್ತದೆ. ಮೇಲೆ ಬೀಸಿದ್ದನ್ನು ನೋಡುವುದು, ಹಾಗೆಯೇ ತಿರುಗಿ ಬೀಸುವುದು ಜೀವಿತಾಳ ಕೆಲಸ.

ಇವತ್ತೂ ಬೀಸಿದ್ದಳು. ಮಂಜು ಒಂದು ಗಳಿಗೆ ಸೀಳಿದಾಗ ಮೇಲೆ ಬಿಳಿಯ ಬಟ್ಟೆ ಆಡಿದ್ದು ಕಂಡಿತ್ತು. ಅವಳೂ ತಲೆಗೆ ಹೊದ್ದ ಬಿಳಿ ಚೀಲ ತೆಗೆದು ಬೀಸಿದ್ದಳು. ಲಾರಿ ಮಾತ್ರ ಇಳಿದಿರಲಿಲ್ಲ.

"ನಿಜವಾಗ್ಲೂ ಬೀಸಿದ್ಯಾ, ಇಲ್ಲಾ ದಿನೇಶನ್ನ ಕಂಡು ನಾಚ್ಕೊಂಡು ಒಳಗೆ ಓಡಿ ಬಂದ್ಯಾ?" ಎಂದಳು ಮಲರ್‌ಕೊಡಿ. ಹೆಂಗಸರು ನಕ್ಕರು. ಜೀವಿತಾ ಬೀಸಿದೆ ಎಂಬಂತೆ ತಲೆಯಾಡಿಸಿ ನೆಲ ನೋಡಿದಳು.

ಟೀ ಕುದಿಯುತ್ತಿದ್ದ ಒಲೆಯ ಪಕ್ಕ ಮಿಚ್ಚಿ ಹೆತ್ತೆ ಕೂತಿದ್ದಳು. ಹಟ್ಟಿಯಲ್ಲಿ ಅಜ್ಜಿಯನ್ನು ಹೆತ್ತೆ ಎನ್ನುತ್ತಾರೆ. ಮಿಚ್ಚಿ ಎಲ್ಲರಿಗೂ ಹೆತ್ತೆ. ಎಲೆ ಕೀಳುವ ವಯಸ್ಸು ದಾಟಿ ಎಷ್ಟೋ ಕಾಲವಾಗಿದ್ದರೂ, ಮಂಜು ಬಿದ್ದ ದಿನ ಬಿಳಿ ಮುಂಡು ಎತ್ತಿ ಕಟ್ಟಿಕೊಂಡು ಶೆಡ್ಡಿಗೆ ಬಂದು, ಮಸುಕು ಕಣ್ಣಿನಿಂದ ಮೇಲಿನ ತೋಟವನ್ನೇ ನೋಡುತ್ತ ಕೂರುತ್ತಿದ್ದಳು. ಅವಳ ಗಂಡ ಮಾದನ್ ಈ ಮಳೆಗೆ ಹಾಸಿಗೆ ಹಿಡಿದಿದ್ದ. ಉಸಿರು ಬಂದು ಹೋಗುವುದನ್ನು ಮನೆಯವರು ಕಿವಿಗೊಟ್ಟು ಕೇಳುವಂತಾಗಿತ್ತು. ಅಂಥವನನ್ನು ಸೊಸೆಯ ಕೈಗೆ ಬಿಟ್ಟು ಇವತ್ತೂ ಬರಬೇಕಿತ್ತೇ ಎಂದು ಮಲರ್‌ಕೊಡಿ ಮೆಲ್ಲಗೆ ಆಕ್ಷೇಪಿಸಿದಳು.

"ಅವರೇ ಕಳ್ಸಿದ್ದು," ಎಂದಳು ಹೆತ್ತೆ. "ಮಂಜು ಬಿದ್ದಿದೆ, ಇವತ್ತಾದ್ರೂ ನೋಡ್ಕೊಂಡು ಬಾ... ಅದು ಗೊತ್ತಾಗದೆ ನಾನು ಹೆಂಗೆ ಹೋಗ್ಲಿ ಅಂದ್ರು."

ಏನು ಗೊತ್ತಾಗಬೇಕು ಎಂದು ಯಾರೋ ಕೇಳಿದರು. ಹೆತ್ತೆ ಅಂಗೈಗಳನ್ನು ಬೆಂಕಿಗೆ ಹಿಡಿದಳು.

"ಮುಂದಿನ ಸಾಲಿನ ಈ ನಾಲ್ಕು ಕಂಬ ಇದಾವಲ್ಲ... ಶೆಡ್ಡಿಗೆ ಅಂತ ನೆಟ್ಟಿದ್ದಲ್ಲ ಇವು. ಮೊದಲು ಕಂಬ ಇತ್ತು, ಎಷ್ಟೋ ಕಾಲದ ಮೇಲೆ ತಗಡು ಬಂತು. ಇಲ್ಲಿಂದ ಆ ತಿರುವಿನ ತನಕ ಆಗ ಚಹಾ ಎಲ್ಲಿತ್ತು? ಬರೀ ಹುಲ್ಲು. ಅವಲಾಂಚ್ ಕಡೆ ಅಣೆಕಟ್ಟಿನ ಕೆಲಸಕ್ಕೆ ಆಸ್ಟ್ರೇಲಿಯಾದಿಂದ ಒಬ್ಬ ದೊರೆ ಬಂದಿದ್ದ, ಮಿಷನ್ ರಿಪೇರಿಯವನು. ಊರಿನ ನೆನಪು ತಡೀಲಾರದೆ ನಮ್ಮ ಹುಡುಗರಿಗೆ ಅವನ ಊರಿನ ಆಟ ಕಲಿಸಿದ. ಮೈದಾನ ಮೊಟ್ಟೆ ಆಕಾರ, ಚೆಂಡೂ ಮೊಟ್ಟೆ ಆಕಾರ. ಕೈಯಲ್ಲಿ ಹಿಡೀಬಹುದು, ಕಾಲಲ್ಲಿ ಒದೀಬಹುದು, ಮುಂದಿನವನ ಬೆನ್ನು ಹತ್ತಿ ಹಾರಬಹುದು... ಕೋತಿಗಳಿಗೆ ಕೂಲಿ ಕೊಟ್ಟು ಕುಣಿಸ್ತಾನೆ ಅಂತ ನಮ್ಮತ್ತೆ ಬೈತಿದ್ರು. ಕಂಬ ಮಾಡಿದ ನೀಲಗಿರಿ ಮರಾನೂ ಅವನ ಊರಿಂದಲೇ ಬಂದದ್ದಂತೆ. ಅದನ್ನ ತಬ್ಬಿಕೊಂಡು ಮೂಸೋನು, ಪಾಪ."

ದೊರೆ ಹೋದ, ಆಟ ಉಳಿಯಿತು. ಅಣೆಕಟ್ಟಿನವರದೊಂದು ಟೀಮು, ಮಸಿನಗುಡಿಯ ಕರೆಂಟು ಮನೆಯವರದೊಂದು, ಗೂಡಲೂರಿನ ಎಸ್ಟೇಟಿನವರದೊಂದು, ಹೊನ್ನೆಹಟ್ಟಿಯದೊಂದು. ಅದಕ್ಕೆ ನಾಲ್ಕು ಕಂಬದ ಲೀಗು ಎಂದು ಹೆಸರು. ಚೆಂಡು ಹರಿದರೆ ಮಾವನಲ್ಲ ಎಂಬ ಊರಿನಲ್ಲಿ ಎತ್ತಿನ ಪಟ್ಟಿ ಹೊಲಿಯುವವನೊಬ್ಬ ಚರ್ಮ ಹಾಕಿ ಹೊಲಿದು ಕೊಡುತ್ತಿದ್ದ. "ನಿಮ್ಮೂರಿನೋರು ಚೆನ್ನಾಗಿ ಓಡೋರು ಕೂಸೇ," ಎಂದಳು ಹೆತ್ತೆ ಜೀವಿತಾಳತ್ತ ತಿರುಗಿ, "ಆನೆ ಅಟ್ಟಿಸಿ ಅಟ್ಟಿಸಿ ಅಭ್ಯಾಸ ಆಗಿತ್ತಲ್ಲ." ಜೀವಿತಾ ತುಟಿಯಂಚಿನಲ್ಲೇ ನಕ್ಕಳು.

ಆಮೇಲೆ ಅಣೆಕಟ್ಟಿನ ಕೆಲಸ ಮುಗಿದು ಆ ಟೀಮು ಚದುರಿತು. ಮಸಿನಗುಡಿಯವರಿಗೆ ವರ್ಗವಾಯಿತು. ಉಳಿದ ಇಬ್ಬರು, ಗೂಡಲೂರು ಮತ್ತು ಹಟ್ಟಿ, ವರ್ಷ ವರ್ಷ ತಾವು ತಾವೇ ಆಡಿಕೊಂಡು ಅದನ್ನೂ ಲೀಗು ಎಂದೇ ಕರೆಯುತ್ತಿದ್ದರು.

"ಈಗ ಬಾವುಟದ ವಿಷಯ ಕೇಳಿ," ಎಂದಳು ಹೆತ್ತೆ. "ಮೈದಾನದ ಮೇಲಿನ ತುದಿಗೆ ನಾಲ್ಕು ಕಂಬ, ಕೆಳಗಿನ ತುದಿಗೆ ಈ ನಾಲ್ಕು. ನಡುವಿನ ಎರಡು ಕಂಬದ ಮಧ್ಯೆ ಚೆಂಡು ಹೋದ್ರೆ ಆರು ಅಂಕ. ಪಕ್ಕದ ಸಂದಿಯಲ್ಲಿ ಹೋದ್ರೆ ಒಂದು. ಅದನ್ನ ನೋಡೋಕೆ ಮೇಲೊಬ್ಬರು, ಕೆಳಗೊಬ್ಬರು ಬಾವುಟ ಹಿಡಿದು ನಿಲ್ಲೋರು. ಆರಾದ್ರೆ ಎರಡು ಬಾವುಟ ಬೀಸ್ಬೇಕು, ಒಂದಾದ್ರೆ ಒಂದೇ. ಅಷ್ಟಕ್ಕೇ ಆಗ್ಲಿಲ್ಲ... ಎದುರು ತುದಿಯವನು ಅದನ್ನ ಕಂಡು, ಅಷ್ಟೇ ಬಾವುಟ ತಿರುಗಿ ಬೀಸ್ಬೇಕು. ಆಮೇಲೇ ಅದು ಲೆಕ್ಕಕ್ಕೆ. ಬಾಯಲ್ಲಿ ಹೇಳೋ ಹಾಗಿಲ್ಲ. ಆಟ ಮುಗಿದ್ಮೇಲೆ ಮೇಲಿನವರು ಕೆಳಗಿನವನ ಹತ್ರ ನಡ್ಕೊಂಡು ಬಂದು, ಇಬ್ರೂ ಕೂತು ಒಂದು ಲೋಟ ಟೀ ಕುಡಿದು, ಆಮೇಲೆ ಮನೆಗೆ. ಇದು ನಮ್ಮ ಕಟ್ಟಳೆ. ಮೇಲೆ ನಿಲ್ತಿದ್ದೋರು ನಮ್ಮ ಮಾವ, ಹಾಲನ್. ದೊರೆ ಕೊಟ್ಟ ಬಿಳಿ ಕೋಟು ಬೇಡ ಅಂದು, ಪಂಚಾಯ್ತಿಗೆ ಕೂರೋವಾಗ ಹೊದೆಯೋ ಬಿಳಿ ಶಾಲು, ಆ ಸೀಲೆನೇ ಹೊದ್ದು ನಿಲ್ಲೋರು. ಕೆಳಗೆ, ಈಗ ಈ ಹುಡುಗಿ ಒರಗಿದಾಳಲ್ಲ, ಅಲ್ಲೇ... ಗೂಡಲೂರಿನ ಗೋಪಾಲನ್."

ಜೀವಿತಾ ಕಂಬದಿಂದ ಬೆನ್ನು ಎತ್ತಿದಳು.

ಕೊನೆಯ ಆಟದ ದಿನವೂ ಇಂಥದೇ ಮಳೆ. ಗೂಡಲೂರು ಮೂರು ಅಂಕಗಳಿಂದ ಮುಂದಿತ್ತು. ಹಾಲನ್‌ನ ಮಗ ಮಾದನ್ ಹಟ್ಟಿಯ ಕಡೆ ಆಡುತ್ತಿದ್ದ. ಅಪ್ಪ ಬಾವುಟ ಹಿಡಿದ ಮೇಲೆ ಮಗ ಆಕಾಶಕ್ಕೆ ಒದ್ದರೂ ಆರೇ ಎಂದು ಗೂಡಲೂರಿನವರು ಬೆಳಗಿನಿಂದ ಹಂಗಿಸುತ್ತಿದ್ದರು. ಹಾಲನ್ ಕೇಳಿಸಿಕೊಂಡೂ ಸುಮ್ಮನಿದ್ದರು. ಸಂಜೆ, ಇನ್ನೇನು ಆಟ ಮುಗಿಯಬೇಕು, ಚೆಂಡು ಮಾದನ್‌ನ ಕೈಗೆ ಸಿಕ್ಕಿತು. ಅವನು ಮೇಲಿನ ಕಂಬದತ್ತ ಒದ್ದ. ಚೆಂಡು ಎದ್ದಿತು. ಅದರ ಹಿಂದೆಯೇ ಮಂಜು ಇಳಿಯಿತು.

"ಎರಡು ಬಾವುಟ ಆದ್ರೆ ನಾವು ಗೆದ್ವಿ, ಒಂದಾದ್ರೆ ಸೋತ್ವಿ. ಆದ್ರೆ ಬಾವುಟ ಎಲ್ಲಿ ಕಾಣುತ್ತೆ? ಚಾಚಿದ ಕೈ ಬೆರಳೇ ಕಾಣ್ತಿರಲಿಲ್ಲ. ಗೋಪಾಲನ್ ಕಾದ್ರು, ಪಾಪ. ಕತ್ತಲಾಗೋದ್ರೊಳಗೆ ಘಾಟಿ ಇಳೀಬೇಕು ಅಂತ ಅವರ ಲಾರಿ ಡ್ರೈವರು ಹಾರನ್ನು ಒತ್ತಿ ಒತ್ತಿ ಕರೆದ. ಅವರೂ ಹೋದ್ರು. ನಮ್ಮವರು ಕಂಬದ ಹತ್ರ ಓಡಿ ಹೋಗಿ, ಅಪ್ಪಾ, ಎಷ್ಟು? ಅಂತ ಕೇಳಿದ್ರು. ಮಾವ ಏನಂದ್ರು ಗೊತ್ತಾ?... ಬಾಯಲ್ಲಿ ಹೇಳಿದ್ರೆ ಅದು ಅಪ್ಪನ ಮಾತಾಗುತ್ತೆ ಮಗ, ಕೆಳಗಿಂದ ಉತ್ತರ ಬರ್ಲಿ, ಅಂದ್ರು. ಆ ಮಳೇಲಿ ನಿಂತೇ ಇದ್ರು. ಕತ್ತಲಾದ್ಮೇಲೆ ಎತ್ಕೊಂಡು ಬಂದ್ವಿ. ಎದೆಗೆ ಶೀತ ಇಳಿದಿತ್ತು. ನಾನೇ ಗಂಜಿ ಕುಡಿಸ್ತಿದ್ದೆ. ಜ್ವರದಲ್ಲೂ ಕೈ ಆಡಿಸೋರು, ಬಾಯಿ ಬಿಡ್ಲಿಲ್ಲ... ಹೇಳದೇ ಹೋಗ್ಬಿಟ್ರು."

ಮರುವರ್ಷ ಆಡೋಣ ಬನ್ನಿ ಎಂದರೆ ಮೊದಲು ಹಳೆಯ ಆಟ ತೀರ್ಮಾನವಾಗಲಿ ಎಂದರು ಗೂಡಲೂರಿನವರು. ಹಟ್ಟಿಯವರೂ ಅದನ್ನೇ ಅಂದರು. ಲೀಗು ಸತ್ತದ್ದು ಹಾಗೆ. ಮೈದಾನಕ್ಕೆ ಚಹಾ ಬಂತು, ಮೇಲಿನ ಕಂಬಗಳು ಯಾರದೋ ಒಲೆ ಸೇರಿದವು. ಆದರೆ ಮಂಜು ಬಿದ್ದಾಗ ಆ ಜಾಗದಲ್ಲಿ, ಗಿಡಗಳ ನಡುವೆ, ಬಿಳಿ ಸೀಲೆ ಹೊದ್ದವರೊಬ್ಬರು ಕೆಳಕ್ಕೆ ನೋಡುತ್ತ ನಿಂತಿರುವುದನ್ನು ಹಟ್ಟಿಯ ಹಲವರು ಕಂಡಿದ್ದಾರೆ. ಕಂಡವರೆಲ್ಲ ಕೈಮುಗಿದು ಬೇರೆ ದಾರಿ ಹಿಡಿದಿದ್ದಾರೆ.

"ಕೈಮುಗಿದ್ರೆ ಏನು ಬಂತು?" ಎಂದಳು ಹೆತ್ತೆ. "ಮಾವ ಕೇಳ್ತಿರೋದು ಅದನ್ನಲ್ವಲ್ಲ. ನಮ್ಮವರ ಸಮಾಧಾನಕ್ಕೆ ಜನ ಆರೇ ಬಿದ್ದಿತ್ತು ಬಿಡು ಅಂತಾರೆ. ನಮ್ಮವರು ಒಪ್ಪಲ್ಲ. ಅಪ್ಪ ಬೀಸಿದ್ದೇನು, ಅದು ಹೇಳಿ ಅಂತಾರೆ. ಸೋತ್ರೂ ಸೈ ಅಂತಾರೆ..."

ಆಗ ಕೆಳಗಿನ ಕಾಲುದಾರಿಯಿಂದ ದಿನೇಶ್‌ಕುಮಾರ್ ಬಂದ. ಮೊಣಕಾಲಿನವರೆಗೆ ಕೆಸರು, ಕೈಯಲ್ಲಿ ಕೊಡೆ, ಹೆಗಲ ಮೇಲೆ ಒದ್ದೆಯಾದ ಅವನ ಕೆಂಪು ಟವೆಲ್ಲು. ರಸ್ತೆಗೆ ಮರ ಬಿದ್ದಿದೆ, ಲಾರಿ ಮಧ್ಯಾಹ್ನದಿಂದ ಆಚೆಯೇ ನಿಂತಿದೆ, ತಾನು ಹಳ್ಳ ಸುತ್ತಿ ನಡೆದು ಬಂದೆ ಎಂದ.

"ತಿರುವಿಂದ ಬೀಸಿದ್ಯಲ್ಲ?" ಎಂದಳು ಮಲರ್‌ಕೊಡಿ.

"ತಿರುವಿಗೆ ನಾನು ಇವತ್ತು ಬಂದೇ ಇಲ್ಲ ಅಕ್ಕಾ."

ಎಲ್ಲರ ಕಣ್ಣು ಜೀವಿತಾಳ ಕೈಯಲ್ಲಿದ್ದ ಬಿಳಿ ಚೀಲದ ಮೇಲೆ ನಿಂತಿತು. ಹೆತ್ತೆ ಗೋಡೆ ಹಿಡಿದು ಎದ್ದು ಬಂದು, ಆ ಹುಡುಗಿಯ ತಣ್ಣಗಿನ ಕೈಗಳನ್ನು ತನ್ನ ಬೆಚ್ಚಗಿನ ಕೈಗಳಲ್ಲಿ ತೆಗೆದುಕೊಂಡಳು.

"ಎಷ್ಟು ಕಂಡೆ ಕೂಸೇ?"

ಎರಡು ಎಂದುಬಿಡಬಹುದಿತ್ತು. ಹಾಸಿಗೆಯಲ್ಲಿರುವ ಮನುಷ್ಯ ಗೆದ್ದು ಹೋಗುತ್ತಿದ್ದ, ಇಲ್ಲವೆನ್ನಲು ಬೇರೆ ಯಾರೂ ಕಂಡಿರಲಿಲ್ಲ. ಹೆತ್ತೆಯ ಮಸುಕು ಕಣ್ಣು ಅವಳ ತುಟಿಯನ್ನೇ ಕಾಯುತ್ತಿತ್ತು. ಮಂಜಿನ ಸೀಳಿನಲ್ಲಿ ಎದೆಯ ಮುಂದೆ ನಿಧಾನವಾಗಿ ಎಡಕ್ಕೂ ಬಲಕ್ಕೂ ಆಡಿದ ಬಟ್ಟೆ, ಇನ್ನೊಂದು ಪಕ್ಕದಲ್ಲಿ ಸುಮ್ಮನೆ ಇಳಿಬಿಟ್ಟ ಕೈ, ಅವಳಿಗೆ ಈಗಲೂ ಕಾಣುತ್ತಿತ್ತು.

"ಒಂದೇ, ಹೆತ್ತೆ," ಎಂದಳು. ತಡೆದು, "ನಾನೂ ಒಂದೇ ಬೀಸ್ದೆ. ಆಮೇಲೆ ಅವರು... ಕೂತ್ಕೊಂಡ್ರು. ಕಾಲು ನೋಯ್ತಿತ್ತು ಅನ್ಸುತ್ತೆ," ಎಂದಳು.

ಹೆತ್ತೆಯ ಕಣ್ಣಿನಿಂದ ನೀರು ಹರಿಯುತ್ತಿದ್ದರೂ ಮುಖ ನಗುತ್ತಿತ್ತು.

"ನೋಡಿದ್ರಾ... ಸ್ವಂತ ಮಗನಿಗೂ ಆರು ಕೊಡ್ಲಿಲ್ಲ ಮಾವ. ಹೇಳಿದ್ರೆ ನಮ್ಮವರು ಎಷ್ಟು ಹೆಮ್ಮೆ ಪಡ್ತಾರೋ."

ಆಮೇಲೆ ಅವಳಿಗೆ ಅವಸರ ಹಿಡಿಯಿತು. ಹೊದ್ದ ಬಟ್ಟೆಯನ್ನು ತಲೆಗೆಳೆದುಕೊಂಡಳು, ದಿನೇಶನ ಕೊಡೆ ಕಿತ್ತುಕೊಂಡಳು. ಮಳೆ ಕಡಿಮೆಯಾಗಲಿ ಎಂದು ಎಲ್ಲರೂ ತಡೆದರು. ಅವಳು ಕೇಳಲಿಲ್ಲ. ಮೆಟ್ಟಿಲಿಳಿದವಳು ನಿಂತು, ತಿರುಗಿ, ಜೀವಿತಾಳನ್ನೇ ಕರೆದಳು.

"ಉತ್ತರ ಕೊಟ್ಟವಳು ನೀನು, ಅದಕ್ಕೆ ನಿಂಗೇ ಹೇಳ್ತೀನಿ. ಒಂದು ಲೋಟ ಟೀ ಬಗ್ಗಿಸಿ ಆ ಕಂಬದ ಹತ್ರ ಇಡು. ಹೆದರ್ಬೇಡ, ಮಾವ ಯಾರನ್ನೂ ಗದರಿದವರಲ್ಲ. ಟೀ ಕುಡಿದು ನೇರ ಮನೆಗೇ ಬರ್ತಾರೆ... ಮಗನ್ನ ಕರ್ಕೊಂಡು ಹೋಗೋಕೆ."

ಮೇಲಿನ ತೋಟದಲ್ಲಿ ಗಾಳಿಯಿರಲಿಲ್ಲ. ಆದರೂ ಮಂಜಿನೊಳಗೆ ಎಲ್ಲೋ, ಯಾರೋ ಸೊಂಟದಿಂದ ಗಿಡ ಸರಿಸಿಕೊಂಡು ಇಳಿಯುತ್ತಿರುವಂತೆ, ಎಲೆಯ ಮೇಲಿನ ನೀರು ಸಾಲು ಸಾಲಾಗಿ ಉದುರುವ ಸದ್ದು.

ಹೆತ್ತೆಯೂ ಅದನ್ನು ಕೇಳಿದಳು. ಕೊಡೆ ಬಿಚ್ಚುತ್ತ ಅಂದಳು:

"ಟೀ ಸುಡುಸುಡು ಇರ್ಲಿ ಕೂಸೇ, ಆರಿಸ್ಬೇಡ. ಅವರು ಊದಿ ಊದಿ ಕುಡಿಯೋಷ್ಟು ಹೊತ್ತು ನಾನು ನಮ್ಮವರ ಹತ್ರ ಕೂತಿರ್ತೀನಿ."